ಕುಡಿಯದವನ ಹೊಟ್ಟೆನೋವು

ತಂಬೂರು ಗ್ರಾಮದ ಖಾಸಿಂಬಿಗೆ ಮಗನ ನರಳಾಟ ಕೇಳಿ ಕೇಳಿ ಸಾಕಾಗಿತ್ತು. ಗೌಂಡಿ ಕೆಲಸದ ಸಾಧಿಕ್‌ಗೆ ಹುಡುಗನಿದ್ದಾಗಿನಿಂದಲೂ ಹೊಟ್ಟೆನೋವು. ನೋವು ಬಂತೆಂದರೆ ಕಟ್ಟುತ್ತಿದ್ದ ಗೋಡೆ ಬಿಟ್ಟು, ಮೊಣಕಾಲು ಎದೆಗವಚಿಕೊಂಡು ಬಿದ್ದುಕೊಳ್ಳುವನು. ಉಂಡದ್ದು ಮೈಗೆ ಹತ್ತದೆ ಕಡ್ಡಿಯಾಗಿದ್ದ. ಕದ್ದು ಕುಡಿಯುತ್ತಾನೆಂದು ಊರು ಮಾತಾಡಿಕೊಂಡಿತು. ಅಪ್ಪ ಮಾಬುಸಾಬನೂ ನಂಬಿದ. ಯಮನೂರಿನ ದರ್ಗಾಕ್ಕೆ ಕರೆದೊಯ್ದು, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದ. ಮಾಡದ ತಪ್ಪಿಗೆ ಆಣೆಯಿಟ್ಟು ಬಂದವನಿಗೆ ಮರುವಾರವೇ ಮತ್ತೆ ನೋವು. ಆಣೆ ಮುರಿದನೆಂದು ಮಾಬುಸಾಬ ಮಗನ ಜೊತೆ ಮಾತು ಬಿಟ್ಟ. ಸಾಧಿಕ್‌ನ ಹೆಂಡತಿ ತಬಸುಮ್ ಮಗಳನ್ನೆತ್ತಿಕೊಂಡು ಅಣ್ಣಿಗೇರಿಯ ತವರಿಗೆ ಹೋದಳು. ಮಗನ ಬಾಯಿ ಮೂಸಿ ನೋಡಿದ್ದ ಖಾಸಿಂಬಿಗೆ ಮಾತ್ರ ನಿಜ ಗೊತ್ತಿತ್ತು. ಹೇಳಿದರೆ ತಾಯಿಕರುಳು ಎಂದು ತಳ್ಳಿಹಾಕುತ್ತಿದ್ದರು.

ಈ ಮಳೆಗಾಲದಲ್ಲಿ ನೋವು ಮಿತಿಮೀರಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತುಂಬ ಹರಳು ಕಂಡವು. ಊಟ ಅರಗಿಸುವ ರಸ ಮಾಡುವ ಆ ಗ್ರಂಥಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದೆ ಎಂದು ಡಾಕ್ಟರಮ್ಮ ತಿಳಿಸಿದರು. ಪರದೇಶಗಳಲ್ಲಿ ಈ ರೋಗಕ್ಕೆ ಹೆಚ್ಚಾಗಿ ಕುಡಿತವೇ ಕಾರಣವಂತೆ. ನಮ್ಮ ಕಡೆ ಹನಿ ಮುಟ್ಟದ ಹುಡುಗರಿಗೂ ಬರುತ್ತದೆ, ಹಿರಿಯರಿಂದ ಇಳಿದುಬರುವ ಒಂದು ದೋಷ ಇಲ್ಲಿನ ಜನರಲ್ಲಿ ಹೆಚ್ಚು, ಅದಕ್ಕೆ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ ಎಂದರು. ಅಪ್ಪ, ಅಮ್ಮ, ಮಗ ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ವರದಿ ಬಂದಾಗ ಡಾಕ್ಟರಮ್ಮ ಮಾಬುಸಾಬನ ಕಡೆ ತಿರುಗಿದರು. "ಕುಡದು ಬಂದ ರೋಗ ಅಲ್ರಿ ಇದು. ದೋಷ ನಿಮ್ಮ ಕಡಿಂದ ಇಳದೈತಿ. ನಿಮಗ ಕಾಡಲಿಲ್ಲ, ಮಗಗ ಕಾಡ್ತು."

ಮಾಬುಸಾಬ ಹೊರಗಿನ ಬಾಕಿನ ಮೇಲೆ ಬಹಳ ಹೊತ್ತು ಕುಳಿತ. ಇಷ್ಟು ವರ್ಷ ಕಾದ ಮಾತು ಖಾಸಿಂಬಿಯ ಕಿವಿಗೆ ಬಿದ್ದಿತ್ತು. ಖುಷಿಪಡಲು ಮೈಯಲ್ಲಿ ತ್ರಾಣವಿರಲಿಲ್ಲ.

ಮರುದಿನ ಗಂಡ ಹೆಂಡತಿ ಅಣ್ಣಿಗೇರಿಗೆ ಹೋದರು. ಬೀಗರ ಮುಂದೆ ಮಾಬುಸಾಬ ತಲೆ ಎತ್ತದೆ, "ನನ್ನ ಮಗ ಕುಡದಿಲ್ಲ. ನನ್ನ ರಕ್ತನ ಅವಗ ಮುಳುವಾತು," ಎಂದ.

ತಬಸುಮ್ ಅಳಲಿಲ್ಲ. ತೊಡೆಯ ಮೇಲೆ ಮಲಗಿದ್ದ ಮಗಳ ಹೊಟ್ಟೆ ಸವರಿ, "ಹಂಗಾರ ಈಕಿಗೂ ಬರ್ತೈತೇನ್ರಿ, ಮಾಮೂ?" ಎಂದು ಕೇಳಿದಳು.

ದೋಷವಿದ್ದವರಿಗೆಲ್ಲ ರೋಗ ಬರುವುದಿಲ್ಲ, ಆದರೆ ಮಗು ಹೊಟ್ಟೆನೋವೆಂದರೆ ತಡಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ಖಾಸಿಂಬಿ ತಿಳಿಸಿದಳು. ತಬಸುಮ್ ಚೀಲ ತುಂಬಿಕೊಂಡು ಅವರ ಜೊತೆ ಹೊರಟಳು.

ಆಪರೇಷನ್ ಮಾಡಿ ಹರಳು ತೆಗೆದರು. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಪ್ರತಿ ಊಟಕ್ಕೂ ಗುಳಿಗೆ ತಪ್ಪಲಿಲ್ಲ. ಈಗ ನೋವು ಬಂದ ದಿನ ಮಾಬುಸಾಬನೇ ಮಗನ ಬೆನ್ನು ನೀವುತ್ತಾ ಕೂರುತ್ತಾನೆ. ಖಾಸಿಂಬಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಎಷ್ಟೋ ವರ್ಷಗಳ ಮೇಲೆ, ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚುತ್ತಾಳೆ.