ಸೋಂಪಿನ ಜಾಡಿಗೆ ಪರವಾನಗಿ

ಇಪ್ಪತ್ತೆರಡು ವರ್ಷಗಳ ಹಿಂದೆ, ಕಂಬ್ರಿಯಾದ ಗುಡ್ಡಗಳ ನಡುವೆ ನಡೆದ ಒಂದು ನಾಯಿ ಓಟದಲ್ಲಿ, ಬಾಜಿ ಕಟ್ಟಿಸಿಕೊಳ್ಳುವ ಜಾಸ್ ಫಿಯರನ್ ಒಂಬತ್ತು ವರ್ಷದ ಹೆಟ್ಟಿ ಮೌನ್ಸಿಗೆ ಮಾತು ಕೊಟ್ಟಿದ್ದ. ಮಕ್ಕಳ ಬಾಜಿ ತೆಗೆದುಕೊಳ್ಳುವಂತಿಲ್ಲ ಎಂದಾಗ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಿದ್ದಳು.

"ಅಳಬೇಡ ಪುಟ್ಟಿ. ನೀನೇ ಸಾಕಿದ ನಾಯಿ ಓಡೋ ದಿನ ಬಾ. ಒಂದಕ್ಕೆ ನೂರು ಕೊಡ್ತೀನಿ. ನಾಯಿ ಎಂಥದ್ದೇ ಇರ್ಲಿ."

ಈಗ ಜಾಸ್‌ಗೆ ಎಪ್ಪತ್ತೆಂಟು. ಮಂಡಿಗಳೆರಡೂ ಕೈಕೊಟ್ಟಿದ್ದವು, ಶನಿವಾರದ ಓಟವೇ ಅವನ ಕೊನೆಯದು. ಹೆಟ್ಟಿಯ ನಾಯಿ ಟ್ಯಾನ್ಸಿಗೆ ಅದೇ ಮೊದಲನೆಯದು. ತೊಡಕೆಂದರೆ, ಪರವಾನಗಿ ಇಲ್ಲದ ಬಯಲಿನಲ್ಲಿ ವರ್ಷಕ್ಕೆ ಎಂಟೇ ದಿನ ಬಾಜಿ ನಡೆಸಬಹುದು, ಅದೂ ಕೌನ್ಸಿಲಿಗೆ ಮೊದಲೇ ಪತ್ರ ಕೊಟ್ಟು. ಓಟ ಮುಗಿಯುತ್ತಿದ್ದ ಕೆಳಬಯಲಿನ ಎಂಟನೆಯ ದಿನವನ್ನು ಪಾದ್ರಿಯವರ ಕುರಿ ಓಟ ತಿಂದುಹಾಕಿತ್ತು.

"ಒಂದು ಪೌಂಡ್ ತಾನೆ ಅಜ್ಜ, ಕದ್ದು ಇಸ್ಕೋ. ಯಾರು ನೋಡ್ತಾರೆ?" ಎಂದಳು ಹೆಟ್ಟಿ.

"ನಾನು ನೋಡ್ತೀನಲ್ಲಮ್ಮ. ಐವತ್ತು ವರ್ಷದಿಂದ ಕಾಗದ ಇಲ್ದೆ ಒಂದು ಬಾಜೀನೂ ಇಸ್ಕೊಂಡಿಲ್ಲ."

ಹಾಗಾಗಿ ಓಟದ ಕೊನೆಗೆರೆಯನ್ನು ಕಲ್ಲುಗೋಡೆಯಾಚೆಯ ಮೇಲುಬಯಲಿಗೆ ಸಾಗಿಸಿದರು. ಅದು ಬೇರೆಯವರ ಜಮೀನು, ಅದಕ್ಕೆ ಬೇರೆಯೇ ಎಂಟು ದಿನ. ಜಾಸ್ ಹೊಸ ಪತ್ರ ಕೊಟ್ಟ. ಶನಿವಾರ ಬೆಳಿಗ್ಗೆ ಕೌನ್ಸಿಲ್ ಅಧಿಕಾರಿ ಪ್ರಿಚರ್ಡ್ ಖುದ್ದಾಗಿ ತಪಾಸಣೆಗೆ ಬಂದಿಳಿದರು.

"ಓಟದ ಹಾದಿ ಎಲ್ರೀ?"

"ನಿಮ್ಮ ಕಾಲ ಬುಡದಲ್ಲೇ ಇದೆ ಸಾಹೇಬ್ರೆ. ಮೂಸಿ ನೋಡಿ."

ಸೋಂಪಿನ ಎಣ್ಣೆ, ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಹತ್ತು ಮೈಲಿ ಎಳೆದು ಜಾಡು ಹಾಕಿದ್ದರು. ನಾಯಿಗಳು ಓಡುವುದು ಆ ವಾಸನೆಯ ಬೆನ್ನುಹತ್ತಿ. ಪ್ರಿಚರ್ಡ್ ಮಂಡಿಯೂರಿ ಮೂಸಿದರು, ಎರಡು ಸಲ ಸೀನಿದರು, 'ಹಾದಿ ಇದೆ' ಎಂದು ಬರೆದುಕೊಂಡರು.

"ಅಗಲ ಎಷ್ಟು? ಅದಕ್ಕೊಂದು ಕಾಲಂ ಇದೆ."

"ಗಾಳಿ ಇಲ್ದಿದ್ರೆ ಒಂದು ಗೇಣು. ಇದ್ರೆ ಇಡೀ ಜಿಲ್ಲೆ."

ಪ್ರಿಚರ್ಡ್ ಜಾಡು ಎಳೆದ ಚಿಂದಿಯಲ್ಲಿ ಒಂದು ತುಂಡು ಕತ್ತರಿಸಿ, 'ಹಾದಿಯ ಮಾದರಿ' ಎಂದು ಚೀಟಿ ಅಂಟಿಸಿ ಫೈಲಿನೊಳಗೆ ಸೇರಿಸಿದರು. ಸಹಿ ಬಿತ್ತು.

"ಅನುಮತಿ ಮೇಲುಬಯಲಿಗೆ ಮಾತ್ರ. ಕೆಳಗಡೆ ಒಂದೇ ಒಂದು ಬಾಜಿ ನಡೆದ್ರೂ ಎಲ್ಲಾ ರದ್ದು. ನಾನೇ ಅಲ್ಲಿ ನಿಂತು ಕಾಯ್ತೀನಿ."

ಹಾಗೆಂದು ಫೈಲನ್ನು ಕಂಕುಳಲ್ಲಿ ಅವಚಿಕೊಂಡು, ಜಾಡನ್ನು ದಾಟಿ, ಗೋಡೆ ಹತ್ತಿಳಿದು, ನರಪಿಳ್ಳೆಯಿಲ್ಲದ ಕೆಳಬಯಲಿನ ನಟ್ಟನಡುವೆ ಕಾವಲು ನಿಂತರು. ದಾರಿಯುದ್ದಕ್ಕೂ ಫೈಲು ಹನಿಹನಿಯಾಗಿ ಸೋರುತ್ತಿತ್ತು.

ಜಾಸ್ ಹಲಗೆಯ ಮೇಲೆ 'ಟ್ಯಾನ್ಸಿ, ಒಂದಕ್ಕೆ ನೂರು' ಎಂದು ಬರೆದು ಹೆಟ್ಟಿಯ ಒಂದು ಪೌಂಡ್ ತೆಗೆದುಕೊಂಡ. ಸುತ್ತಲಿದ್ದವರು ಗೊಳ್ಳೆಂದರು.

"ಏ ಹೆಟ್ಟಿ, ನಿನ್ನ ನಾಯಿಗೆ ತಲೆ ಮೇಲೆ ಸಾಸೇಜ್ ಇಟ್ರೂ ವಾಸನೆ ಬರಲ್ವಲ್ಲೇ!"

"ನಿನ್ನ ಸಾಕ್ಸ್ ವಾಸನೆ ಬರಲ್ವಲ್ಲ, ಅದೇ ಅದರ ಪುಣ್ಯ!"

ಓಟಕ್ಕೆ ಬಿಟ್ಟ ಅರ್ಧ ಗಂಟೆಯ ಮೇಲೆ ನಾಯಿಗಳು ಗುಡ್ಡದ ನೆತ್ತಿಯಲ್ಲಿ ಕಂಡವು. ಒಟ್ಟು ಹದಿನಾಲ್ಕು, ಮುಂದೆ ಹದಿಮೂರು. ಒಡೆಯರೆಲ್ಲ ಸಿಳ್ಳೆ ಹಾಕಿ ಊಟದ ಬಟ್ಟಲು ಬಡಿದರು. ಅಧಿಕಾರಿ ಜಾಡು ದಾಟಿದ್ದ ಜಾಗಕ್ಕೆ ಬಂದ ಹದಿಮೂರೂ ಗಕ್ಕನೆ ತಿರುಗಿ ಗೋಡೆ ಹಾರಿದವು.

"ಇಲ್ಲಿ ಅನುಮತಿ ಇಲ್ಲ! ಹಿಂದಕ್ಕೆ ಹೋಗಿ!" ಎಂಬ ಕೂಗು ಕೇಳಿಸಿತು. ಆಮೇಲೆ ಬರೀ ಬಾಲಗಳು ಕಂಡವು.

ನಾಲ್ಕು ನಿಮಿಷ ಬಿಟ್ಟು ಟ್ಯಾನ್ಸಿ ಬಂತು. ಯಾವ ವಾಸನೆಯೂ ಅದರ ಮೂಗಿಗೆ ತಾಗಿರಲಿಲ್ಲ. ಕಿವಿಗೆ ಬಿದ್ದದ್ದು ಹೆಟ್ಟಿಯ ಸಿಳ್ಳೆ. ನೇರವಾಗಿ ಗೆರೆ ದಾಟಿ ಬಟ್ಟಲಿಗೆ ಬಾಯಿ ಹಾಕಿತು.

"ನನ್ನ ನಾಯಿ ಮೊದಲು ಮುಟ್ತು!" ಎಂದು ಒಬ್ಬ ಅರಚಿದ.

"ಏನನ್ನ ಮುಟ್ತು ಮಾರಾಯ?"

"ಆಫೀಸರ್ನ!"

ಒಂದೇ ಬೂಟಿನಲ್ಲಿ ಕುಂಟುತ್ತಾ ಬಂದ ಪ್ರಿಚರ್ಡ್, ಫೈಲಿನಲ್ಲಿ ಉಳಿದಿದ್ದ ಒಂದೇ ಹಾಳೆಯನ್ನು ಎತ್ತಿ ಹಿಡಿದರು.

"ಕೊನೆಗೆರೆ ಮೇಲುಬಯಲಲ್ಲಿದೆ. ಅದನ್ನ ದಾಟಿರೋದು ಒಂದೇ ನಾಯಿ. ಕೆಳಗಡೆ ನಡೆದದ್ದು ಓಟ ಅಲ್ಲ."

"ಮತ್ತೇನು ಸಾಹೇಬ್ರೆ ಅದು?" ಎಂದು ಕೇಳಿದ ಜಾಸ್.

"ಹಲ್ಲೆ."

ಜಾಸ್ ಹೆಟ್ಟಿಯ ಅಂಗೈಗೆ ನೂರು ಪೌಂಡ್ ಇಟ್ಟ, ಅವಳು ಕಟ್ಟಿದ್ದ ಒಂದನ್ನೂ ಮರಳಿಸಿದ, ಹಲಗೆ ಒರೆಸಿದ. ಕೊಟ್ಟ ಮಾತು ನಡೆಯಿತು.