ಪಾಲಕರ ಪುಟ

"ಕೇರಳ ಆಮೇಲೆ," ಎಂದು ಮಾದೇಶ್ ಬಿಳಿ ಬೋರ್ಡಿನ ಮೇಲಿದ್ದ ಸುಲ್ತಾನ್ ಬತ್ತೇರಿಯ ಸುತ್ತ ಒಂದು ಗೆರೆ ಎಳೆದ. "ಮೊದ್ಲು ಮೈಸೂರು, ಮಂಡ್ಯ. ಸತ್ಯಮಂಗಲ ಮೂರನೇ ವರ್ಷಕ್ಕಿರಲಿ. ಆದ್ರೆ ಕಾಲೇಜುಗಳ್ನೇ ನಂಬ್ಕೊಂಡ್ರೆ ನಾವು ಎಲ್ಗೂ ಓಗಕಾಗಲ್ಲ ಕಣಮ್ಮಿ. ನಮ್ ಮಾರ್ಕೆಟ್ಟು ಊರಲ್ಲ. ಅಪ್ಪ ಅಮ್ಮ."

ಫರಹತ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಅದು ಅವಳದೇ ಮಾತು. ಅವನು ಈಗ ಅದನ್ನು ತನ್ನದೆಂಬಂತೆ ಆಡುತ್ತಿದ್ದ, ಅಷ್ಟೇ.

ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಇಬ್ಬರೂ ಸೇರಿ 'ವೇಳೆ' ಎಂಬ ಆಪ್ ಕಟ್ಟಿದ್ದರು. ಡಿಗ್ರಿ ವಿದ್ಯಾರ್ಥಿಗಳು ಬೇಕಾದ ವಿಷಯಗಳನ್ನು ಆರಿಸಿಕೊಂಡರೆ, ಒಂದು ತರಗತಿ ಇನ್ನೊಂದರ ಮೇಲೆ ಬೀಳದಂತೆ ಅದು ವಾರವನ್ನು ಹೊಂದಿಸಿಕೊಡುತ್ತಿತ್ತು. ತರಗತಿ ರದ್ದಾದರೆ ಫೋನಿಗೆ ಸಂದೇಶ ಹೋಗುತ್ತಿತ್ತು. ಒಂದು ಸಂಜೆ ಅವಳ ಅಪ್ಪ ಪೀರ್ ಪಾಷಾ, ಸ್ಟೀಲ್ ಬೀರುಗಳಿಗೆ ಬಣ್ಣ ಹೊಡೆದು ಬಂದು ಕೈ ತೊಳೆಯುತ್ತ, "ಕ್ಲಾಸ್ ಇಲ್ಲ ಅಂತ ಮಕ್ಕಳಿಗೇನೋ ಗೊತ್ತಾಗುತ್ತೆ. ಮನೇಲಿರೋರಿಗೆ?" ಎಂದು ಉರ್ದುವಿನಲ್ಲಿ ಕೇಳಿದ್ದರು. ಅದೇ ಸಂದೇಶದ ಇನ್ನೊಂದು ಪ್ರತಿ ಪಾಲಕರಿಗೂ ಹೋಗುವಂತೆ ಅವಳು ಮಾಡಿದ್ದಳು. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಅದು ಪ್ರಯೋಗವಾಗಿ ನಡೆಯುತ್ತಿತ್ತು. ಮೈಸೂರಿನ ಹೂಡಿಕೆದಾರರು ಮುಂದಿನ ವರ್ಷಗಳ ಯೋಜನೆ ಕೇಳಿದಾಗ, ಅದರಲ್ಲಿ 'ಪಾಲಕರು' ಎಂಬ ಪುಟವೇ ಅವರಿಗೆ ಹಿಡಿಸಿತ್ತು. ಸೋಮವಾರ ವಿಡಿಯೊ ಮೀಟಿಂಗ್.

"ಒಬ್ರು ಅಪ್ಪನ ಬಾಯಲ್ಲೇ ಹೇಳ್ಸಿ ವಿಡಿಯೊ ಮಾಡ್ಕೊಂಡ್ರೆ ಮುಗೀತು," ಎಂದ ಮಾದೇಶ್. "ಪ್ರಿನ್ಸಿಪಾಲ್ರು ಒಬ್ರ ಹೆಸ್ರು ಕೊಟ್ಟವ್ರೆ. ಪುಟ್ಟಮಲ್ಲಪ್ಪ ಅಂತ. ಬಾಳ ಕುಸಿಯಾಗವ್ರಂತೆ."

ಶನಿವಾರ ಬಸ್ಸಿನಲ್ಲಿ ಹೊರಟರು. ಇಬ್ಬರೂ ಒಂದೇ ಬೈಕಿನಲ್ಲಿ ಹೋಗುವುದಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಿಯಮ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ಗುಂಡ್ಲುಪೇಟೆಯಲ್ಲಿ ಇಳಿದು, ಬಂಡೀಪುರದ ಕಡೆಯ ಆ ಹಳ್ಳಿಗೆ ಆಟೊ ಹಿಡಿದರು. ದಾರಿಯ ಎರಡೂ ಕಡೆ ಚೆಂಡುಹೂವಿನ ಹೊಲ.

ಪುಟ್ಟಮಲ್ಲಪ್ಪ ಜಗಲಿಯಲ್ಲೇ ಕಾಯುತ್ತಿದ್ದರು. ವಿಭೂತಿ ಬಳಿದ ಹಣೆ, ಆಗಷ್ಟೇ ತೊಟ್ಟ ಇಸ್ತ್ರಿ ಅಂಗಿ. "ಬನ್ರವ್ವಾ, ಕುಂತ್ಕಳಿ," ಎಂದು ಕುರ್ಚಿ ಎಳೆದು ಕೊಟ್ಟರು. ಟೀ ಬಂತು. ತಂದಿಟ್ಟ ಹುಡುಗಿ ಯಾರನ್ನೂ ನೋಡದೆ ಒಳಗೆ ಹೋದಳು.

"ಎಣ್ಮಕ್ಕಳ ಎತ್ತೋರ್ಗೆ ನಿಮ್ ಆಪು ಕಣ್ಣಿದ್ದಂಗೆ," ಎಂದರು ಅವರು. "ಮದ್ಯಾನ ಕ್ಲಾಸಿಲ್ಲ ಅಂತ ನನ್ ಪೋನ್ಗೆ ಬಂತು. ಇವ್ಳು ಬಂದದ್ದು ಒತ್ತು ಮುಳುಗ್ದ ಮೇಲೆ. ಎಲ್ಲಿದ್ದೆ ಅಂದ್ರೆ ಕ್ಲಾಸಿತ್ತು ಅಂತಾಳೆ. ನೀವು ಯೋಳ್ದಿದ್ರೆ ನನ್ಗೆಲ್ಲಿ ಗೊತ್ತಾಗದು?"

"ಈಗ ಕಾಲೇಜಿಗೆ ಹೋಗ್ತಿದ್ದಾರಾ?" ಎಂದು ಫರಹತ್ ಕೇಳಿದಳು.

"ಇಲ್ಲ. ಬುಡಿಸ್ಬುಟ್ಟೆ."

ಮಾದೇಶ್ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದವನು ಒಂದು ಕ್ಷಣ ಕೈ ತಡೆದ. ಇದು ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ನೋಡತೊಡಗಿದ.

ಕೈ ತೊಳೆಯುವ ನೆಪದಲ್ಲಿ ಫರಹತ್ ಹಿತ್ತಿಲಿಗೆ ಹೋದಳು. ಹುಡುಗಿ ತೊಟ್ಟಿಯ ಪಕ್ಕ ಪಾತ್ರೆ ಉಜ್ಜುತ್ತಿದ್ದಳು. ಹೆಸರು ಶಿವರಂಜಿನಿ, ಬಿ.ಕಾಂ. ಕೊನೆಯ ವರ್ಷ.

"ಆ ಆಪ್ ಮಾಡಿದೋರು ನೀವೇ ಅಂತೆ," ಎಂದಳು ಅವಳೇ. "ಚೆನ್ನಾಗದೆ ಅಕ್ಕ. ಮೊದ್ಲೆಲ್ಲ ಕನ್ನಡ ಕ್ಲಾಸೂ ಅಕೌಂಟ್ಸೂ ಒಂದೇ ಟೈಮ್ಗೆ ಬೀಳ್ತಿದ್ದೊ." ಅದರಲ್ಲಿ ಕೊಂಕಿರಲಿಲ್ಲ.

"ಅವತ್ತು ಎಲ್ಲಿಗೆ ಹೋಗಿದ್ದೆ?"

"ಎಲ್ಗೂ ಇಲ್ಲ. ಬಸ್‌ಸ್ಟ್ಯಾಂಡ್ ಇಂದ್ಗಡೆ ಕಟ್ಟೆ ಅದಲ್ಲ, ಅಲ್ಲಿ ಕುಂತಿದ್ದೊ. ನಾನು, ನಮ್ ಕ್ಲಾಸಿನ್ ದಾನೇಶ್ವರಿ."

"ಏನು ಮಾಡ್ತಾ?"

"ಸುಮ್ಕೆ. ಓಗೋರು ಬರೋರ್ನ ನೋಡ್ಕಂಡು." ಅವಳು ಬಟ್ಟಲನ್ನು ನೀರಿಗೆ ಅದ್ದಿದಳು. "ಕಡೀಕೆ ಅಪ್ಪನ್ಗೂ ಅದ್ನೇ ಯೋಳ್ದೆ. ಸುಮ್ಕೆ ಯಾರಾದ್ರೂ ಕುಂತ್ಕತಾರಾ ಅಂದ್ರು."

"ಪರೀಕ್ಷೆ?"

"ಮುಂದಿನ್ ತಿಂಗ್ಳು. ಇನ್ನೊಂದ್ವಾರ ಓಗ್ನಿಲ್ಲ ಅಂದ್ರೆ ಅಟೆಂಡೆನ್ಸ್ ಸಾಲಲ್ಲ." ಬಟ್ಟಲು ಆಗಲೇ ಬೆಳ್ಳಗಾಗಿತ್ತು. ಅವಳು ಅದನ್ನೇ ಮತ್ತೆ ಉಜ್ಜಿದಳು.

ಫರಹತ್ ಜಗಲಿಗೆ ಮರಳುವ ಹೊತ್ತಿಗೆ ರೆಕಾರ್ಡಿಂಗ್ ಶುರುವಾಗಿತ್ತು. ಪುಟ್ಟಮಲ್ಲಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಶಾಲೆಯ ಮಗುವಿನಂತೆ ಒಂದೊಂದೇ ಮಾತು ಹೇಳುತ್ತಿದ್ದರು. ಪಕ್ಕದ ಊರಿನ ನೆಂಟರಿಗೂ ಹೇಳಿದ್ದಾರಂತೆ. ಎಲ್ಲ ಕಾಲೇಜಿಗೂ ಇದು ಬರಬೇಕಂತೆ. ಮಾದೇಶ್ ತಲೆಯಾಡಿಸುತ್ತ ಹುರಿದುಂಬಿಸುತ್ತಿದ್ದ. ಮೈಸೂರಿನವರಿಗೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

"ಸಾರ್," ಎಂದಳು ಫರಹತ್. "ಆ ಮೆಸೇಜು ತಪ್ಪು."

ಪುಟ್ಟಮಲ್ಲಪ್ಪ ಅವಳ ಕಡೆ ತಿರುಗಿದರು.

"ಅವತ್ತು ಕ್ಲಾಸ್ ಇತ್ತು. ನಮ್ಮ ಆಪ್ ಕಡೆಯಿಂದ ತಪ್ಪಾಗಿದೆ. ಅದನ್ನ ಹೇಳೋಕೇ ಬಂದಿದ್ದು." ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಮಾದೇಶನ ಕಡೆ ನೋಡಲಿಲ್ಲ.

"ಏನಪ್ಪಾ, ದಿಟವಾ?" ಎಂದು ಪುಟ್ಟಮಲ್ಲಪ್ಪ ಅವನನ್ನು ಕೇಳಿದರು.

ಮಾದೇಶ್ ಫೋನನ್ನು ಸ್ಟ್ಯಾಂಡಿನಿಂದ ಬಿಚ್ಚಿಕೊಂಡ. ಅದನ್ನು ಒಮ್ಮೆ ಒರೆಸಿದ. "ಅವ್ಳು ಯೋಳ್ದ್ ಮೇಲೆ ದಿಟವೇ ಸಾರ್. ಅದ್ನ ಮಾಡಿರೋಳು ಅವ್ಳೇ," ಎಂದ.

"ಅಂಗಾರೆ ಇವ್ಳು ಬಸ್‌ಸ್ಟ್ಯಾಂಡ್ನಲ್ಲಿದ್ದೆ ಅಂತ ಒಪ್ಕಂಡ್ಳಲ್ಲ?" ಅವರು ಒಳಗೆ ತಿರುಗಿ ಮಗಳನ್ನು ಕರೆದರು. ಶಿವರಂಜಿನಿ ಬಾಗಿಲಲ್ಲಿ ನಿಂತಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅವತ್ತು ಕ್ಲಾಸಿತ್ತಂತಲ್ಲ. ಇತ್ತಾ?"

ಹುಡುಗಿ ಫರಹತಳ ಮುಖ ನೋಡಿದಳು. ಬಹಳ ಹೊತ್ತಲ್ಲ.

"ಇತ್ತು," ಎಂದಳು. "ಮೊದ್ಲು ಅದ್ನೇ ಅಲ್ವಾ ಯೋಳಿದ್ದು. ನೀವು ಕೈ ಮಾಡುದ್ರಿ. ನಿಲ್ಸುದ್ರೆ ಸಾಕು ಅಂತ ಬಸ್‌ಸ್ಟ್ಯಾಂಡು ಅಂದ್ಬುಟ್ಟೆ."

ಪುಟ್ಟಮಲ್ಲಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡು ಮಡಿಸಿದರು, ಬಿಡಿಸಿದರು. ಅವರ ಕಿವಿ ಕೆಂಪಾಗಿತ್ತು. "ಒಂದು ಪೋನಿನ್ ಮಾತ್ ಕೇಳ್ಕಂಡು," ಎಂದವರು ಅಲ್ಲಿಗೇ ನಿಲ್ಲಿಸಿ, "ಏಳಿ. ಓಗಿ ನೀವು," ಎಂದರು.

ಆಟೊ ಹಿಡಿದು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿಗೆ ಮರಳಿದರು. ಚಾಮರಾಜನಗರದ ಬಸ್ಸು ಇನ್ನೂ ಬಂದಿರಲಿಲ್ಲ.

"ನನ್ನ ಒಂದ್ ಮಾತು ಕೇಳ್ಬೌದಾಗಿತ್ತು," ಎಂದ ಮಾದೇಶ್.

"ಕೇಳಿದ್ರೆ ಬೇಡ ಅಂತಿದ್ದೆ."

"ಹೂಂ. ಅಂತಿದ್ದೆ." ಅವನು ಬಸ್ಸು ಬರುವ ದಾರಿಯ ಕಡೆ ನೋಡುತ್ತ ಹೇಳಿದ, "ಆಪು ತಪ್ಪು ಮಾಡಿರ್ಲಿಲ್ಲ ಫರಹತ್. ಸರಿಯಾಗೇ ಹೇಳಿತ್ತು."

"ಅದಕ್ಕೇ," ಎಂದಳು ಅವಳು.

ಭಾನುವಾರ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಶಿವರಂಜಿನಿ ಒಬ್ಬಳ ಮಾತಾದರೆ ಒಂದು ಸುಳ್ಳಿನಲ್ಲಿ ಮುಗಿಯಿತೆನ್ನಬಹುದಿತ್ತು. ಆ ಕಾಲೇಜಿನ ಉಳಿದ ಮನೆಗಳಿಗೂ ಅದೇ ಸಂದೇಶ ಹೋಗುತ್ತಿತ್ತು. ಯಾವ ಮನೆಯಲ್ಲಿ ಏನಾಯಿತೆಂದು ಆಪ್‌ಗೆ ಗೊತ್ತಿರಲಿಲ್ಲ. ಅಪ್ಪನಿಗೆ ಊಟ ಬಡಿಸುತ್ತ, ಮನೆಯವರಿಗೆ ಹೋಗುವ ಸಂದೇಶವನ್ನು ತೆಗೆದುಬಿಡುತ್ತೇನೆ ಎಂದಳು. ಪೀರ್ ಪಾಷಾ ಅಚ್ಚರಿಯಿಂದ ನೋಡಿದರು. "ಯಾಕೆ? ಒಳ್ಳೇದೇ ಅಲ್ವಾ ಅದು?" ಅವಳು ಸಾರಿನ ಪಾತ್ರೆ ಮುಚ್ಚಿಟ್ಟು ಎದ್ದಳು.

ಸೋಮವಾರ ಮೀಟಿಂಗಿಗೆ ಸ್ವಲ್ಪ ಮೊದಲು ಗುಂಡ್ಲುಪೇಟೆಯ ಕಾಲೇಜಿನಿಂದ ಫೋನ್ ಬಂತು. ಪ್ರಿನ್ಸಿಪಾಲ್ ಗಂಗಾಧರಸ್ವಾಮಿ.

"ಏನಮ್ಮಾ ಇದು? ಆ ಪುಟ್ಟಮಲ್ಲಪ್ಪ ಬೆಳಿಗ್ಗೆನೇ ಬಂದು ಸ್ಟಾಫ್ ರೂಮಲ್ಲಿ ನಿಂತ್ಕೊಂಡು ಬೈದು ಹೋದ. ನಿಮ್ಮ ಆಪ್ ಸುಳ್ಳು ಹೇಳುತ್ತೆ ಅಂತೆ. ನಮಗೆ ಈ ತಲೆನೋವು ಬೇಡ. ಈ ತಿಂಗಳಿಗೆ ನಿಲ್ಸಿಬಿಡಿ."

"ಒಬ್ಬರೇ ಬಂದಿದ್ರಾ ಸಾರ್?"

"ಯಾಕೆ? ಮಗಳನ್ನ ಸ್ಕೂಟರಲ್ಲಿ ಕೂರ್ಸಿಕೊಂಡು ಬಂದಿದ್ದ. ಕ್ಲಾಸಿಗೆ ಬಿಟ್ಟು ಹೋದ. ನಾನು ಕೇಳ್ತಿರೋದಕ್ಕೆ ಉತ್ತರ ಕೊಡಿ."

ಅವಳು ಕ್ಷಮೆ ಕೇಳಿ ಫೋನಿಟ್ಟಳು. ಮಾದೇಶ್ ಅವಳನ್ನೇ ನೋಡುತ್ತಿದ್ದ. ಅವಳು ಎರಡೂ ಸುದ್ದಿಯನ್ನು ಹೇಳಿ, ಮನೆಯವರಿಗೆ ಹೋಗುವ ಸಂದೇಶ ಇನ್ನು ಬೇಡ ಎಂದಳು.

"ಸರಿ," ಎಂದು ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಯೋಜನೆಯ ಮೂರನೇ ಪುಟ ತೆರೆದಿತ್ತು: ಪಾಲಕರು. "ತೆಗೀಬೇಕು ಅಂದ್ರೆ ನೀನೇ ತೆಗಿ. ನನ್ ಕೈಲಾಗಲ್ಲ."

ಅವಳು ತೆಗೆದಳು. ಎರಡನೇ ಪುಟದ ಮೈಸೂರು, ಮಂಡ್ಯದ ನಂತರ ನೇರವಾಗಿ ಸತ್ಯಮಂಗಲ ಬಂತು. ನೋಡಿದವರಿಗೆ ನಡುವೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯುವಂತಿತ್ತು.

ಮೀಟಿಂಗಿನ ಕೊಂಡಿ ಒತ್ತಿದಾಗ ಮೈಸೂರಿನವರು ಇನ್ನೂ ಸೇರಿರಲಿಲ್ಲ. ಪರದೆಯ ತುಂಬ ಈ ಕೋಣೆಯೇ ಕಂಡಿತು: ಮಧ್ಯದಲ್ಲಿ ಫರಹತ್, ಅಂಚಿನಲ್ಲಿ ಮಾದೇಶನ ಒಂದು ಭುಜ. ಕೆಳಗಿನ ಅಂಗಡಿಯಲ್ಲಿ ಯಾರೋ ಕಬ್ಬಿಣದ ಸರಳು ಕತ್ತರಿಸುತ್ತಿದ್ದರು. ಮಾದೇಶ್ ಎದ್ದು ಕಿಟಕಿ ಹಾಕಿ ಬಂದು, ಕುರ್ಚಿಯನ್ನು ತುಸು ಎಳೆದುಕೊಂಡು ಕೂತ. ಪರದೆಯಲ್ಲಿ ಅವನ ಅರ್ಧ ಮುಖ ಕಾಣಿಸಿಕೊಂಡಿತು.