ಉಳಿಸಿಟ್ಟ ಒಂದು ಹುಳ

ಬೆನ್ನು ಉಬ್ಬಿದೆ, ಹೌದು, ಮೇಜಿನ ಮೇಲಿಟ್ಟರೆ ಫೋನು ತೊಟ್ಟಿಲಿನಂತೆ ತೂಗುತ್ತದೆ, ರಿಪೇರಿಯವಳು ಬೆರಳಿನಿಂದ ಒಮ್ಮೆ ಒತ್ತಿ ನೋಡಿ ಬಿಸಿ ತಗುಲಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು, ಅಜ್ಜ, ಬ್ಯಾಟರಿ ಊದ್ಕೊಂಡಿದೆ, ಎಷ್ಟು ದಿನದಿಂದ ಚಾರ್ಜಿಗೆ ಹಾಕಿಟ್ಟಿದ್ರಿ — ಎಷ್ಟು ದಿನವೆಂದರೆ ಏನು ಹೇಳುವುದು, ಹೆಂಡತಿ ಹೋದ ದಿನದಿಂದ ಎನ್ನುವುದೇ, ಮೂರು ತಿಂಗಳ ಮೇಲೆ ಆರು ದಿನವಾಯಿತು, ಒಂದು ಗಳಿಗೆಯೂ ತಂತಿ ಕಿತ್ತವನಲ್ಲ, ಪರದೆ ತಾನಾಗಿ ಆರದಂತೆ ಮೊಮ್ಮಗಳು ಏನೋ ಮಾಡಿಕೊಟ್ಟಿದ್ದಾಳೆ, ಹೆಂಡತಿ ನಿಲ್ಲಿಸಿಹೋದ ಆಟ ಹಾಗೆಯೇ ಇರಬೇಕೆಂದು ದೇವರ ಮುಂದಿನ ದೀಪ ಕಾಯ್ದಂತೆ ಕಾಯ್ದ, ಕಾಯ್ದು ಕಾಯ್ದೇ ಕೆಡಿಸಿದ. ಇದು ಯಾವಾಗ ಬೇಕಾದ್ರೂ ಹೊತ್ಕೋಬಹುದು, ಈಗಲೇ ಆರಿಸಿ ತೆಗೀಬೇಕು, ಎಂದಳು. ಒಳಗಿನ ಆಟ? ಆಟ ಇರುತ್ತೆ ಅಜ್ಜ, ಹಳೇ ಪಾಯಿಂಟೂ ಇರುತ್ತೆ, ನಿಂತಿದೆಯಲ್ಲ ಈ ಸುತ್ತು, ಇದೊಂದು ಹೋಗುತ್ತೆ. ಇದೊಂದು ಎಂದಳು, ಪಾಪ, ಅವಳಿಗೇನು ಗೊತ್ತು, ಐದು ನಿಮಿಷ ಕೊಡಮ್ಮ ಎಂದ, ಅವಳು ಅವನ ಮುಖ ನೋಡಿ ಇನ್ನೇನೂ ಕೇಳದೆ ಸ್ಟೂಲು ಎಳೆದುಕೊಟ್ಟಳು, ಐದೇ ಅಜ್ಜ, ಆರಲ್ಲ, ದೇವರು ಆ ಮಗುವನ್ನು ತಣ್ಣಗಿಡಲಿ.

ಕಪ್ಪು ಆಕಾಶ, ಕೆಳಗೆ ಬಿಳಿಯ ಪುಟ್ಟ ವಿಮಾನ, ಮೇಲೆ ಬಲಗಡೆಯ ಅಂಚಿಗೆ ಹತ್ತಿರ ಒಂದೇ ಒಂದು ಹಸಿರು ಹುಳ, ಹುಳ ಎಂದು ಹೆಸರಿಟ್ಟವಳು ಹೆಂಡತಿಯೇ, ಬೇರೆ ಗ್ರಹದ ನೌಕೆಗಳು ಅಜ್ಜಿ ಎಂದು ಮೊಮ್ಮಗಳು ಎಷ್ಟು ತಿದ್ದಿದರೂ ಕೇಳಲಿಲ್ಲ, ಆರು ಕಾಲು ಕಾಣಿಸ್ತಿದೆ, ಇದು ಹುಳವೇ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಆಸ್ಪತ್ರೆಯಲ್ಲಿ ಅವಳ ಎಡಗೈಗೆ ಎರಡು ಸೂಜಿ ಚುಚ್ಚಿ ಮೈಯ ರಕ್ತವನ್ನೆಲ್ಲ ಯಂತ್ರದೊಳಗೆ ಹಾಯಿಸಿ ತೊಳೆದು ಮತ್ತೆ ಮೈಗೆ ಬಿಡುತ್ತಿದ್ದರು, ಆ ಕೈ ಅಲುಗಬಾರದು, ಬಲಗೈಯ ಹೆಬ್ಬೆರಳು ಮಾತ್ರ ಅವಳದು, ಆ ಹೆಬ್ಬೆರಳಿಗೊಂದು ಕೆಲಸ ಕೊಟ್ಟಿತಲ್ಲ ಈ ಆಟ, ಇದನ್ನು ಯಾರು ಮಾಡಿದರೋ, ಯಾವ ಊರಿನ ಯಾವ ಕೋಣೆಯಲ್ಲಿ ಕೂತು ಮಾಡಿದರೋ, ಅವರ ಹೊಟ್ಟೆ ತಂಪಾಗಿರಲಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಅವರನ್ನೂ ಸೇರಿಸಿಕೊಂಡಿದ್ದಾನೆ. ಸಾಲು ಸಾಲಾಗಿ ಹುಳಗಳನ್ನು ಹೊಡೆದು ಒಂದನ್ನು ಮಾತ್ರ ಬಿಡುತ್ತಿದ್ದಳು, ಅದು ಒಂಟಿಯಾಗಿ ಅತ್ತಿಂದಿತ್ತ, ಇತ್ತಿಂದತ್ತ, ಅವಳ ವಿಮಾನ ಕೆಳಗೆ ಒಂದು ಮೂಲೆಯಲ್ಲಿ ತೆಪ್ಪಗೆ. ಹೊಡಿಯೇ, ಒಂದೇ ಇರೋದು, ಎಂದರೆ, ಇರಲಿ ಬಿಡಿ, ಅದೊಂದು ಇರಲಿ. ಸಿಸ್ಟರ್ ಬಂದು ಆಯ್ತಮ್ಮ ಇವತ್ತಿಂದು ಎಂದ ಮೇಲೆಯೇ ಹೊಡೆಯುವುದು, ಒಂದೇ ಗುಂಡಿಗೆ. ಅವನೂ ಒಮ್ಮೆ ಆಡಿದ, ಕಣ್ಣು ಮುಚ್ಚಿ ಬಿಡುವುದರೊಳಗೆ ವಿಮಾನ ಸುಟ್ಟುಹೋಯಿತು, ನಲವತ್ತು ವರ್ಷ ಮಗ್ಗದಲ್ಲಿ ಲಾಳಿ ಓಡಿಸಿದ ಯಜಮಾನ್ರು ನೋಡಿ ಸಿಸ್ಟರ್, ಒಂದು ಹುಳಕ್ಕೆ ಹೆದರಿಬಿಟ್ರು, ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದ್ದಳು, ಪಕ್ಕದ ಹಾಸಿಗೆಯ ಮುದುಕ ಸೂಜಿ ಅಲುಗುವಷ್ಟು ನಕ್ಕು ಬೈಸಿಕೊಂಡ.

ಯಾಕೆ ಉಳಿಸ್ತೀಯ ಎಂದು ಮತ್ತೆ ಮತ್ತೆ ಕೇಳಿದ ಮೇಲೆ ಒಂದು ದಿನ ಹೇಳಿದಳು, ಅದೂ ಪರದೆಯಿಂದ ಕಣ್ಣು ತೆಗೆಯದೆ — ನಿಮ್ಮ ಬಟ್ಟೆ ಗಿರಣಿ ಬಾಗಿಲ ಎದುರು ಸೋಡಾ ಅಂಗಡಿ ಇತ್ತಲ್ಲ, ಅಲ್ಲೊಂದು ಪೆಟ್ಟಿಗೆ ಇತ್ತಲ್ಲ. ಇತ್ತು, ಬೀರುವಿನಷ್ಟು ಎತ್ತರ, ಹೊಟ್ಟೆಯಲ್ಲಿ ಗಾಜು, ಕಾಸು ಹಾಕಿದರೆ ಒಳಗೆ ಯುದ್ಧ, ಗಿರಣಿಯ ಗಂಡಸರೆಲ್ಲ ಅದಕ್ಕೆ ಸುರಿದವರೇ. ಮದುವೆಯಾದ ಹೊಸತು, ಅವನ ಪಾಳಿ ಮುಗಿಯುವ ಹೊತ್ತಿಗೆ ಬಂದು ಕಾಯುವಳು, ಅಲ್ಲೇ ಬೆಂಚಿನ ಮೇಲೆ ಕೂತಿದ್ದಾಳೆ ಎಂದುಕೊಂಡಿದ್ದನಲ್ಲ, ಬೆಂಚಲ್ಲಿ ಯಾರು ಕೂತಿದ್ರು ರೀ, ಕೂತರೆ ದಾರಿಯಲ್ಲಿ ಹೋಗೋರೆಲ್ಲ ದಿಟ್ಟಿಸೋರು, ಪೆಟ್ಟಿಗೆ ಮುಂದೆ ನಿಂತ್ರೆ ನಮ್ಮ ಬೆನ್ನು ಮಾತ್ರ ಕಾಣೋದು, ಇದ್ದದ್ದು ಒಂದೇ ಕಾಸು, ನಿಮ್ಮ ಸೈರನ್ ಆಗೋ ತನಕ ಬರಬೇಕಿತ್ತು, ಎಲ್ಲಾ ಹೊಡೆದ್ರೆ ಮುಂದಿನ ಸುತ್ತು ಜೋರು, ಬೇಗ ಸಾಯ್ತಿದ್ದೆ, ಒಂದು ಹುಳ ಉಳಿಸಿದ್ರೆ ಎಷ್ಟೊತ್ತು ಬೇಕಾದ್ರೂ ಕಾಯಬಹುದು. ಅವಳು ಹಾಗೆಂದಾಗ ಅವನು ಹೊದಿಕೆ ಸರಿಮಾಡಿದ, ನೀರಿನ ಬಾಟಲಿಯ ಮುಚ್ಚಳ ತೆಗೆದು ಮತ್ತೆ ಹಾಕಿದ, ಆಗೆಲ್ಲ ಆ ಪೆಟ್ಟಿಗೆಯ ಗಾಜಿನ ಆಚೆ ಹಸಿರು ಹುಳ ಅತ್ತಿಂದಿತ್ತ, ಗಿರಣಿ ಗೋಡೆಯ ಈಚೆ ತನ್ನ ಲಾಳಿ ಇತ್ತಿಂದತ್ತ, ಒಂದೇ ಹೊತ್ತಿನಲ್ಲಿ, ಅವನಿಗೆ ಗೊತ್ತೇ ಇರಲಿಲ್ಲ, ಭಗವಂತ, ನನ್ನನ್ನು ಒಬ್ಬರು ಇಷ್ಟು ಜಾಣತನದಿಂದ ಕಾಯ್ದಿದ್ದಾರೆ ಎಂದು ಸಾಯುವ ಮೊದಲು ತಿಳಿಸಿದೆಯಲ್ಲ, ಇದಕ್ಕಿಂತ ಹೆಚ್ಚು ಕೇಳಿದವನಲ್ಲ ನಾನು.

ಆಸ್ಪತ್ರೆಯ ಆ ಕೊನೆಯ ದಿನ ಮಾತ್ರ ಅವಳ ಪಾಲಿನ ಸೈರನ್ ಆದರೂ ಅವನು ಬಂದಿರಲಿಲ್ಲ. ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದ, ಮುಂದೆ ಹನ್ನೊಂದು ಜನ, ಚೀಟಿ ಸರಿಯಿಲ್ಲವೆಂದು ಒಬ್ಬನ ಜಗಳ, ಮೇಲೆ ಹತ್ತಿ ಬಂದರೆ ಹಾಸಿಗೆ ಖಾಲಿ, ದಿಂಬಿನ ಮೇಲೆ ಫೋನು, ಬೆಳಕು ಉರಿಯುತ್ತಿದೆ, ಹುಳ ನಿಂತಿದೆ. ಒಳಗಿನ ಕೋಣೆಗೆ ಕರ್ಕೊಂಡು ಹೋದ್ರು, ಉಸಿರು ಸಿಗ್ತಿರಲಿಲ್ಲ, ಎಂದು ಸಿಸ್ಟರ್ ಅವನ ಮೊಣಕೈ ಹಿಡಿದು ಕೂರಿಸಿದಳು, ಆಟ ನಿಲ್ಲಿಸಿ ಅವರೇ ಇಲ್ಲಿ ಇಟ್ರು, ಯಜಮಾನ್ರು ಬಂದು ನೋಡ್ಕೋತಾರೆ ಅಂದ್ರು. ನೋಡಿಕೊಳ್ಳುತ್ತಾರೆ. ಆ ಒಂದು ಮಾತನ್ನು ಕಟ್ಟಿಕೊಂಡೇ ಈ ಮೂರು ತಿಂಗಳು ನೋಡಿಕೊಂಡ, ತಂತಿ ಕೀಳದೆ, ಮುಟ್ಟದೆ, ಧೂಳು ಒರೆಸುತ್ತ, ಬಂದವರ ಕೈಗೆ ಕೊಡದೆ — ಅಲ್ಲ, ತಡೆ, ಈ ಮಾತು ಬೇರೆಲ್ಲೋ ಕೇಳಿದ್ದಲ್ಲವೇ. ಗಿರಣಿಯಲ್ಲಿ ಓಡುವ ಮಗ್ಗವನ್ನು ಬಿಟ್ಟು ಯಾರೂ ಹೋಗುವ ಹಾಗಿಲ್ಲ, ಮುಂದಿನ ಪಾಳಿಯವನು ಬಂದು ಹಿಂದಿನಿಂದ ಹೆಗಲ ಮೇಲೆ ಕೈ ಇಡಬೇಕು, ನಾನು ಬಂದೆ, ನೀನು ಹೊರಡು ಎನ್ನಬೇಕು, ಆ ಗದ್ದಲದಲ್ಲಿ ಅದು ಯಾರಿಗೂ ಕೇಳುವುದಿಲ್ಲ, ಆದರೂ ಅನ್ನಬೇಕು, ಅಂದ ಮೇಲೆಯೇ ಇವನು ಕೈ ಎತ್ತುವುದು. ಬರುವವನಿಗೆ ತಡವಾದರೆ ಮಗ್ಗ ನಿಲ್ಲಿಸಿ, ಅವನು ಬಂದು ನೋಡಿಕೊಳ್ಳುತ್ತಾನೆ ಎಂದು ಪಕ್ಕದವನಿಗೆ ಹೇಳಿ ಹೋಗುತ್ತಿದ್ದರು. ಅವಳು ದಿನಾ ಅವನಿಗೆ ಊಟದ ಡಬ್ಬಿ ತರುತ್ತಿದ್ದವಳು, ಗಿರಣಿಯ ಮಾತೆಲ್ಲ ಬಲ್ಲವಳು. ನಿಲ್ಲಿಸಿದ ಮಗ್ಗವನ್ನು ಮೂರು ತಿಂಗಳು ಧೂಳು ಒರೆಸುತ್ತ ಕೂತ ನೇಕಾರನನ್ನು ಕಂಡರೆ ಏನೆನ್ನುತ್ತಿದ್ದಳು, ವಾರ್ಡಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು, ನೋಡಿ ಸಿಸ್ಟರ್, ಕೆಲಸ ಒಪ್ಪಿಸಿ ಬಂದ್ರೆ ಪೂಜೆ ಮಾಡ್ತಾ ಕೂತಿದಾರೆ.

ಅಜ್ಜ, ಮುಗೀತಾ, ಎನ್ನುತ್ತಾಳೆ ರಿಪೇರಿಯವಳು, ಮುಗಿಯಿತು ಮಗು, ಒಂದೇ ಗಳಿಗೆ, ಫೋನಿನ ಬೆನ್ನು ಅಂಗೈಗೆ ಬಿಸಿ ತಾಗುತ್ತಿದೆ, ಜ್ವರ ಬಂದ ಮೈಯ ಬಿಸಿ, ನಾನು ಬಂದೆ ಕಣೇ, ತುಟಿಯಲ್ಲಿ ಮಾತ್ರ ಅಂದುಕೊಂಡ, ನೀನು ಹೊರಡು, ಹೆಬ್ಬೆರಳು ಒತ್ತಿದ, ಹುಳ ಹೊರಟಿತು, ಮೂರು ತಿಂಗಳು ನಿಂತಿದ್ದು ಏನೂ ಆಗಿಲ್ಲವೆಂಬಂತೆ ಎಡಕ್ಕೆ ಹೊರಟಿತು, ಮೊದಲ ಗುಂಡು ತಪ್ಪಿತು, ಎರಡನೆಯದೂ, ಲಾಳಿ ಎಲ್ಲಿದೆ ಎಂದು ನೋಡಬಾರದು ಎಲ್ಲಿಗೆ ಬರುತ್ತದೆ ಎಂದು ನೋಡಬೇಕು, ಗುರು ಹೇಳಿಕೊಟ್ಟದ್ದು ಅದೇ, ಮೂರನೆಯದು ತಾಗಿತು, ಹಸಿರು ಕಿಡಿಯಾಗಿ ಚದುರಿತು, ಖಾಲಿ, ಕಪ್ಪು. ವಾರ್ಡಿನಲ್ಲಿ ಇಷ್ಟಕ್ಕೇ ಅವನು ಮಂಚದ ಕೆಳಗೆ ಬಗ್ಗಿ ಅವಳ ಚಪ್ಪಲಿ ಹುಡುಕುತ್ತಿದ್ದ, ಆಮೇಲೆ ಏನಾಗುತ್ತದೆಂದು ಒಂದು ದಿನವೂ ನೋಡಿದವನಲ್ಲ, ಮುಂದಿನ ಸುತ್ತು, ಎಡಗಡೆಯ ಮೂಲೆಯಿಂದ ಒಂದು ಬಂತು, ಉಳಿದವುಗಳಿಗಿಂತ ಮೊದಲು, ಒಂಟಿಯಾಗಿ, ಕೊಡಿ ಅಜ್ಜ, ಕೊಡುತ್ತೇನೆ, ಹೆಬ್ಬೆರಳು ಎತ್ತಿಬಿಟ್ಟ, ಇರಲಿ ಬಿಡು, ಅದೊಂದು ಇರಲಿ, ಅತ್ತಿಂದಿತ್ತ, ಇತ್ತಿಂದತ್ತ, ಒಂದು ಹಸಿರು ಹುಳ